ಮುದ್ದೆ ತುತ್ತು ಯಾಕೆ ಚಿಕ್ಕದಾಯಿತು?

ಪಾಂಡವಪುರ ತಾಲ್ಲೂಕಿನಿಂದ ಬಂದ ಈ ಪತ್ರವನ್ನು ಮೂರು ಸಲ ಓದಿದೆ. ಮೊದಲೇ ಬಂದಿದ್ದ ಪತ್ರಗಳವರು ದಯವಿಟ್ಟು ಬೇಜಾರು ಮಾಡಿಕೊಳ್ಳಬೇಡಿ. ಇದಕ್ಕೆ ಈ ವಾರವೇ ಉತ್ತರ ಹೋಗಬೇಕು.

ಬರೆದವರಿಗೆ 36 ವರ್ಷ. ಸ್ವಂತ ಆಲೆಮನೆ ಇದೆ. ರಾತ್ರಿ ಕೊಪ್ಪರಿಗೆ ಮುಂದೆ ನಿದ್ದೆ ತಡೆಯೋಕೆ ಅಂತ ಶುರುವಾದ ಗುಟ್ಕಾ ಹದಿನೈದು ವರ್ಷ ಬಿಡಲಿಲ್ಲ. ಈ ಸಲ ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ನಡೆದುಕೊಂಡು ಹೋಗಿ, ಇನ್ನು ತಂಬಾಕು ಮುಟ್ಟಲ್ಲ ಅಂತ ಆಣೆ ಮಾಡಿದರು. ಹೇಳಿದ ಹಾಗೆ ಬಿಟ್ಟರು ಕೂಡ. ಬೆಳಿಗ್ಗೆ ಐದಕ್ಕೆ ಎದ್ದು ನಾಲೆ ಏರಿ ಮೇಲೆ ನಡಿಗೆ, ಮನೆಗೆ ಬಂದು ರಾಗಿ ಅಂಬಲಿ. ನಲವತ್ತು ದಿನ ಹೀಗೆ ನಡೆಯಿತು. ಆಮೇಲೆ ಒಂದು ಬೀಗರೂಟ. ಉಂಡು ಕೂತಾಗ ಷಡ್ಡಕ ಪಾನ್ ಮಸಾಲ ಪಾಕೀಟು ಹರಿದು ಇವರ ಅಂಗೈಗೆ ಸುರಿದರು. 'ಇದರಲ್ಲಿ ತಂಬಾಕಿಲ್ಲ, ಬರೀ ಅಡಿಕೆ. ಆಣೆಗೆ ಏನೂ ಆಗಲ್ಲ, ಹಾಕು' ಅಂದರು. ಈಗ ದಿನಕ್ಕೆ ಹತ್ತು, ಹನ್ನೆರಡು ಪಾಕೀಟು ಬೇಕು. ಆಣೆ ಮುರಿದಿದ್ದೀಯ ಅಂತ ಹೆಂಡತಿ ಮಾತು ಬಿಟ್ಟಿದ್ದಾರೆ. ತಂಬಾಕು ಮುಟ್ಟಿಲ್ಲವಲ್ಲ, ಮುರಿದಿಲ್ಲ ಅಂತ ಇವರ ವಾದ. 'ಯಾರು ಸರಿ, ನೀವೇ ಹೇಳಿ ಮೇಡಂ' ಅಂತ ಕೇಳಿದ್ದಾರೆ.

ಆ ಪಂಚಾಯ್ತಿ ಆಮೇಲೆ ಮಾಡೋಣ. ಪತ್ರದ ಕೊನೆಯಲ್ಲಿ, ನಡಿಗೆ, ಅಂಬಲಿ ಎಲ್ಲ ವಿವರಿಸುವಾಗ, ನೀವು ಎರಡು ಸಾಲು ಬರೆದಿದ್ದೀರಿ. 'ಖಾರ ತಿಂದ್ರೆ ಬಾಯಿ ಉರಿಯುತ್ತೆ, ಅದಕ್ಕೆ ಖಾರನೂ ಬಿಟ್ಟೆ. ಮುದ್ದೆನೂ ಚಿಕ್ಕ ಚಿಕ್ಕ ತುತ್ತು ಮಾಡ್ಕೊಂಡು ನುಂಗ್ತೀನಿ.'

ನನ್ನನ್ನು ಹಿಡಿದು ಕೂರಿಸಿದ್ದು ಈ ಎರಡು ಸಾಲು.

ಮಂಡ್ಯ ಸೀಮೆಯ ಗಂಡಾಳು, ಹುಟ್ಟಿದಾಗಿನಿಂದ ಮುದ್ದೆ ಬಸ್ಸಾರು ಉಂಡವರು, ಸಾರು ಖಾರ ಅಂತ ಪಕ್ಕಕ್ಕಿಡುತ್ತಿದ್ದೀರಿ. ತುತ್ತು ನಿಂಬೆಹಣ್ಣಿನ ಗಾತ್ರದಿಂದ ಅಡಿಕೆ ಗಾತ್ರಕ್ಕೆ ಇಳಿದಿದೆ. ಇದನ್ನು ನೀವು ಆರೋಗ್ಯದ ಲೆಕ್ಕಕ್ಕೆ ಬರೆದುಕೊಂಡಿದ್ದೀರಿ. ಬಾಯಿ ಮೊದಲಿನಷ್ಟು ತೆರೆಯುತ್ತಿಲ್ಲ ಅಂತ ನನಗೆ ಭಯ.

ಈಗಲೇ ಒಂದು ಕೆಲಸ ಮಾಡಿ. ಕೈ ತೊಳೆದುಕೊಂಡು, ತೋರು, ನಡು, ಉಂಗುರದ ಬೆರಳು ಮೂರನ್ನೂ ಒಂದರ ಮೇಲೊಂದು ಬರುವಂತೆ ನಿಲ್ಲಿಸಿ, ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲುಗಳ ನಡುವೆ ಇಡಿ. ಸಾಮಾನ್ಯವಾಗಿ ಮೂರು ಬೆರಳು ಸಲೀಸಾಗಿ ಹೋಗುತ್ತವೆ. ಎರಡಕ್ಕೇ ಬಿಗಿ ಆದರೆ ತಡ ಮಾಡುವಂತಿಲ್ಲ. ಮೂರೂ ಹೋದವು ಅಂತ ಸುಮ್ಮನೆ ಕೂರುವ ಹಾಗೂ ಇಲ್ಲ. ಆ ಉರಿ ಒಂದೇ ಸಾಕು ತೋರಿಸೋಕೆ.

ಅಡಿಕೆಯಲ್ಲಿರುವ ಅರೆಕೋಲಿನ್ ಅನ್ನುವ ಅಂಶ ಕೆನ್ನೆಯ ಒಳಪದರದ ಕೆಳಗೆ ನಾರು ಕಟ್ಟಿಸುತ್ತದೆ. ಮೊದಲು ಖಾರಕ್ಕೆ ಉರಿ. ಆಮೇಲೆ ಕೆನ್ನೆಯ ಒಳಭಾಗ ಬಿಳಿಚಿಕೊಂಡು, ಮೆದುವಾಗಿದ್ದದ್ದು ಹಗ್ಗದ ಹಾಗೆ ಗಟ್ಟಿಯಾಗುತ್ತದೆ. ಬಾಯಿ ನಿಧಾನಕ್ಕೆ ಮುಚ್ಚಿಕೊಳ್ಳುತ್ತಾ ಬರುತ್ತದೆ. ದಂತ ವೈದ್ಯರು ಇದಕ್ಕೆ ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ ಅನ್ನುತ್ತಾರೆ. ಕೆಲವರಲ್ಲಿ ಅದೇ ಮುಂದೆ ಕ್ಯಾನ್ಸರ್ ಆಗುತ್ತದೆ. ಇದಕ್ಕೆ ತಂಬಾಕು ಬೇಕೇ ಬೇಕು ಅಂತಿಲ್ಲ, ಅಡಿಕೆ ಒಂದೇ ಸಾಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ, ತಂಬಾಕು ಸೇರದ ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಅಂತ ಪ್ರಕಟಿಸಿತು. ಅಡಿಕೆ ಬೆಳೆಯುವ ಮಲೆನಾಡಿನ ಓದುಗರಿಗೆ ಇದು ನೋವಿನ ಮಾತು, ನನಗೆ ಗೊತ್ತು. ಆದರೂ ಹೇಳದೆ ಇರಲಾರೆ.

ನನ್ನ ಸೋದರಮಾವ ಮೈಸೂರಿನಲ್ಲಿ ನಮ್ಮ ಮನೆಯಲ್ಲೇ ಇದ್ದರು. ಅವರೂ 'ಬರೀ ಅಡಿಕೆ' ಗಿರಾಕಿಯೇ. ಇಡ್ಲಿಯನ್ನು ಬೆರಳಲ್ಲಿ ಚಪ್ಪಟೆ ಮಾಡಿ ಬಾಯಿಗೆ ತೂರಿಸಿಕೊಳ್ಳುತ್ತಿದ್ದರು. ವಯಸ್ಸಾಯ್ತು ಅಂತ ನಾವೆಲ್ಲ ಅಂದುಕೊಂಡೆವು. ಒಂದು ದಿನ ಪಾಯಸದ ಚಮಚ ಹಲ್ಲಿಗೆ ತಾಗಿ ಒಳಗೆ ಹೋಗಲೇ ಇಲ್ಲ. ಅಷ್ಟು ಹೊತ್ತಿಗೆ ತುಂಬಾ ತಡವಾಗಿತ್ತು. ಆ ಚಮಚದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ.

ಇನ್ನು ನಿಮ್ಮ ಷಡ್ಡಕ. ಅವರ ಮೇಲೆ ನನಗೆ ನಿಜಕ್ಕೂ ಸಿಟ್ಟು ಬಂದಿದೆ. ಮೆಡಿಕಲ್ ಸ್ಟೋರ್ ಇಟ್ಟಿದ್ದಾರೆ ಅಂತ ನೀವೇ ಬರೆದಿದ್ದೀರಿ. ಬಾಯಿ ಉರಿ ಅಂದಾಗಲೆಲ್ಲ ಬಿ ಕಾಂಪ್ಲೆಕ್ಸ್ ಮಾತ್ರೆ, ಹಚ್ಚಿಕೊಳ್ಳೋಕೆ ಜೆಲ್ ಕೊಟ್ಟು ಕಳಿಸಿದರು. 'ಒಮ್ಮೆ ಡಾಕ್ಟರಿಗೆ ತೋರಿಸು' ಅನ್ನುವ ಒಂದು ಮಾತು ಅವರ ಬಾಯಲ್ಲಿ ಬರಲಿಲ್ಲ. ಬಂದಿದ್ದು 'ಬರೀ ಅಡಿಕೆ, ಹಾಕು' ಅನ್ನುವ ಮಾತು. ನಲವತ್ತು ದಿನ ಬಿಟ್ಟವನ ಅಂಗೈಗೆ ಪಾಕೀಟು ಸುರಿಯುವವರು ಎಷ್ಟೇ ಹತ್ತಿರದ ನೆಂಟರಾದರೂ ಸ್ವಲ್ಪ ದಿನ ದೂರವೇ ಇರಲಿ. ಅವರ ಅಂಗಡಿ ಕಡೆ ಹೋಗಬೇಡಿ.

ಈ ಅಂಕಣ ಓದುವವರಿಗೆ ಗೊತ್ತು, ಚಟದ ವಿಷಯದಲ್ಲಿ ಆಣೆ ಪ್ರಮಾಣ ನಾನು ಒಪ್ಪುವುದಿಲ್ಲ. ಮಾದಪ್ಪನ ಮೇಲಿನ ಭಕ್ತಿ ಬೇರೆ ಮಾತು. ಆಣೆ ಮಾಡಿದ ಮನಸ್ಸು ಮಾರನೇ ದಿನದಿಂದಲೇ ಆ ಮಾತಿನಲ್ಲಿ ಸಂದು ಹುಡುಕುತ್ತದೆ. ನಮ್ಮ ರಾಜ್ಯದಲ್ಲಿ 2013ರಲ್ಲಿ ಗುಟ್ಕಾ ನಿಷೇಧ ಆದಾಗ ಏನಾಯಿತು? ಪಾನ್ ಮಸಾಲ ಒಂದು ಪಾಕೀಟು, ತಂಬಾಕು ಇನ್ನೊಂದು ಪಾಕೀಟು ಅಂತ ಬೇರೆ ಬೇರೆ ಮಾಡಿ ಮಾರಿದರು. ಎರಡೂ ಸರ ಒಂದೇ ಅಂಗಡಿಯಲ್ಲಿ ಅಕ್ಕಪಕ್ಕ ನೇತಾಡಿದವು. ಕಾನೂನಿನಲ್ಲಿ ಅವರು ಹುಡುಕಿದ ಸಂದನ್ನೇ ಷಡ್ಡಕ ನಿಮ್ಮ ಆಣೆಯಲ್ಲಿ ಹುಡುಕಿಕೊಟ್ಟರು. ಹಾಗಾಗಿ ಆಣೆ ಮುರಿಯಿತೋ ಇಲ್ಲವೋ ಅನ್ನುವ ಜಗಳವನ್ನು ಗಂಡ ಹೆಂಡತಿ ಇಬ್ಬರೂ ಇಲ್ಲಿಗೇ ಬಿಡಿ.

ನಿಮ್ಮ ನಡಿಗೆ, ಅಂಬಲಿ ಎರಡೂ ಒಳ್ಳೆಯದೇ, ಮುಂದುವರಿಸಿ. ಆದರೆ ಚಟ ಬರುವುದು ರಾತ್ರಿ ಹನ್ನೊಂದಕ್ಕೆ, ಒಲೆ ಉರಿಯುವಾಗ. ನೀವು ನಡೆಯುವುದು ಬೆಳಿಗ್ಗೆ ಐದಕ್ಕೆ, ಚಟ ಮಲಗಿರುವಾಗ. ಬೇಕು ಅನ್ನಿಸುವ ಆ ಸೆಳೆತ ಸಾಮಾನ್ಯವಾಗಿ ಕೆಲವೇ ನಿಮಿಷ ಇರುತ್ತದೆ. ಆ ಹೊತ್ತಿಗೆ ಎದ್ದು ಆಲೆಮನೆ ಸುತ್ತ ಎರಡು ಸುತ್ತು ಬಿರುಸಾಗಿ ನಡೆಯಿರಿ, ಒಂದು ಲೋಟ ನೀರು ಮಜ್ಜಿಗೆ ಕುಡಿಯಿರಿ. ಬಿಟ್ಟ ಮೊದಲ ವಾರ ತಲೆನೋವು, ಸಿಡುಕು ಜಾಸ್ತಿ. ಅಡಿಕೆಗೂ ಚಟ ಹತ್ತಿಸುವ ಗುಣ ಇದೆ, ಅದಕ್ಕೆ ನಿಮ್ಮ ಮನಸ್ಸಿನ ಬಲವನ್ನು ಬೈದುಕೊಳ್ಳಬೇಡಿ. ತಂಬಾಕು ಪಾಕೀಟಿನ ಮೇಲೆ ಅಚ್ಚಾಗಿರುವ 1800-11-2356 ಬಿಟ್ಟಿ ಸಹಾಯವಾಣಿ. ಅದಕ್ಕೆ ಫೋನ್ ಮಾಡಿ ಮಾತಾಡಿ.

ನಿಮ್ಮ ಹೆಂಡತಿ ಮಾತು ಬಿಟ್ಟಿದ್ದಾರೆ ಅಂತ ಎರಡು ಪುಟ ಬರೆದಿದ್ದೀರಿ. ಮಧ್ಯದಲ್ಲಿ ಒಂದು ಕಡೆ, 'ಈಗ ನನಗೆ ಅಂತ ಬೇರೆ ಪಾತ್ರೆಯಲ್ಲಿ ಖಾರ ಇಲ್ಲದ ಸಾರು ಮಾಡಿಡ್ತಾಳೆ' ಅಂದಿದ್ದೀರಿ. ಮಾತಾಡದ ಹೆಂಗಸು ದಿನಾ ಎರಡು ಸಾರು ಮಾಡುತ್ತಿದ್ದಾರೆ. ನಿಮ್ಮ ಬಾಯಿಗೆ ಏನೋ ಆಗಿದೆ ಅಂತ ನಿಮಗಿಂತ ಮೊದಲು ಅವರಿಗೆ ಗೊತ್ತಾಗಿದೆ ಅಂತ ನನ್ನ ಅನಿಸಿಕೆ.

ಇಷ್ಟೆಲ್ಲ ನೆನಪಿಡೋದು ಕಷ್ಟ ಅನ್ನಿಸಿದರೆ ಒಂದೇ ಒಂದು ಮಾಡಿ. ಇವತ್ತು ಜೇಬಿನಲ್ಲಿರುವ ಪಾಕೀಟು ಒಲೆಗೆ ಹಾಕಿ. ಈ ಶನಿವಾರದೊಳಗೆ ಹೆಂಡತಿಯನ್ನು ಕರೆದುಕೊಂಡು ಮಂಡ್ಯದ ಮಿಮ್ಸ್ ಆಸ್ಪತ್ರೆಗೆ ಹೋಗಿ, ಇಲ್ಲ ಹತ್ತಿರದ ಯಾವುದೇ ದಂತ ವೈದ್ಯರ ಹತ್ತಿರ ಹೋಗಿ. ಕುರ್ಚಿಯಲ್ಲಿ ಕೂತು ಬಾಯಿ ತೆರೆದು ತೋರಿಸಿ. ಎಷ್ಟು ವರ್ಷ, ದಿನಕ್ಕೆ ಎಷ್ಟು ಪಾಕೀಟು, ಯಾವುದನ್ನೂ ಮುಚ್ಚಿಡಬೇಡಿ. ಗಟ್ಟಿಯಾದದ್ದು ಪೂರ್ತಿ ಮೊದಲಿನಂತೆ ಆಗುವುದು ಕಷ್ಟ, ಆದರೆ ಈಗ ನಿಲ್ಲಿಸಿದರೆ ಮುಂದೆ ಬಿಗಿಯಾಗುವುದನ್ನು ತಡೆಯಲು ಡಾಕ್ಟರಿಗೆ ದಾರಿ ಇದೆ. ಬಾಯಿ ತೆರೆಯುವ ವ್ಯಾಯಾಮ ಕಲಿಸುತ್ತಾರೆ, ಔಷಧ ಕೊಡುತ್ತಾರೆ.

ಹೋಗಿ ಬಂದ ಮೇಲೆ ಎಷ್ಟು ಬೆರಳು ಹೋಯಿತು, ಡಾಕ್ಟರು ಏನಂದರು ಅಂತ ನನಗೆ ಬರೆಯಿರಿ. ಪತ್ರ ನಿಮ್ಮ ಮನೆಯವರ ಕೈಲಿ ಬರೆಸಿದರೆ ನನಗೆ ಇನ್ನೂ ಖುಷಿ.