ಮಿಂಚಿನ ಅರ್ಧ ಚಿತ್ರ

ಪ್ರಶ್ನೆ: ಕಳೆದ ತುಲಾ ಮಾಸದ ಒಂದು ಸಂಜೆ ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಮಿಂಚನ್ನು ಹಿಡಿಯಲು ನೋಡಿದೆ. ಸಿಕ್ಕಿದ್ದು ಒಂದು ಚಿತ್ರ; ಅದರಲ್ಲೂ ಮೇಲಿನ ಅರ್ಧ ಬೆಳ್ಳಗೆ, ಕೆಳಗಿನ ಅರ್ಧ ಕತ್ತಲೆ. ಸೆಕೆಂಡಿಗೆ ಲಕ್ಷ ಕೋಟಿ ಚಿತ್ರ ತೆಗೆದು ಬೆಳಕಿನ ಓಟವನ್ನೇ ತೋರಿಸುವ ಕ್ಯಾಮೆರಾ ಇದೆಯೆಂದು ಪ್ಲಸ್ ಟು ಓದುವ ಮಗ ಹೇಳುತ್ತಾನೆ. ನಿಜವೇ? ಅಷ್ಟು ಚಿತ್ರಗಳನ್ನು ತುಂಬಿಡುವುದೆಲ್ಲಿ? ಅದರಿಂದ ಸಿಡಿಲನ್ನು ಹಿಡಿಯಬಹುದೇ?
– ಒಬ್ಬ ಅಡಿಕೆ ಕೃಷಿಕ, ಬದಿಯಡ್ಕ

ಉತ್ತರ: ಮಗ ಹೇಳಿದ್ದು ನಿಜ. ಆದರೆ ‘ಸೆಕೆಂಡಿಗೆ ಲಕ್ಷ ಕೋಟಿ’ ಎಂಬುದು ವೇಗದ ಮಾತು. ಗಂಟೆಗೆ ಅರವತ್ತು ಕಿಲೋಮೀಟರ್ ವೇಗದಲ್ಲಿ ಓಡುವ ಬಸ್ಸು ಕುಂಬಳೆಯಿಂದ ಹೊರಟು ಐದೇ ನಿಮಿಷದಲ್ಲಿ ನಿಂತರೂ ವೇಗ ಅರವತ್ತೇ ತಾನೆ? ಆ ಕ್ಯಾಮೆರಾಗಳು ಪೂರ್ತಿ ಒಂದು ಸೆಕೆಂಡು ಓಡುವುದೇ ಇಲ್ಲ. ಓಡಿದರೆ, ಸೆಕೆಂಡಿಗೆ 25 ಚಿತ್ರದಂತೆ ನೋಡಿ ಮುಗಿಸಲು ನಮಗೆ 1,200ಕ್ಕೂ ಹೆಚ್ಚು ವರ್ಷ ಬೇಕು. ಹೆಚ್ಚೆಂದರೆ ಕೆಲವು ನೂರು ಚಿತ್ರ; ಅಷ್ಟಕ್ಕೆ ಜಾಗದ ಚಿಂತೆ ಇಲ್ಲ.

ನಿಮ್ಮ ಮೊಬೈಲು ಸೆಕೆಂಡಿಗೆ 240 ಚಿತ್ರ ತೆಗೆಯುತ್ತದೆ ಎಂದುಕೊಳ್ಳೋಣ. ಎರಡು ಚಿತ್ರಗಳ ನಡುವೆ ಬೆಳಕು ಸುಮಾರು 1,250 ಕಿಲೋಮೀಟರ್ ಓಡಿರುತ್ತದೆ. ಬೆಂಗಳೂರಿಗೆ ಹೋಗಿ ಬಂದು ಇನ್ನೂ ಮಿಗುವಷ್ಟು ದೂರ. ಲಕ್ಷ ಕೋಟಿಯ ವೇಗದಲ್ಲಾದರೆ ಅದು ಸಾಗುವುದು ಕೇವಲ 0.3 ಮಿಲಿಮೀಟರ್.

ಇಷ್ಟು ಬೇಗ ತೆರೆದು ಮುಚ್ಚುವ ಶಟರ್ ಜಗತ್ತಿನಲ್ಲಿಲ್ಲ. ಹಾಗಾಗಿ ಒಂದು ಉಪಾಯ. ನೀವು ತೋಟದಲ್ಲಿ ಪೈಪು ಹಿಡಿದು ನೀರು ಬಿಡುತ್ತಾ ಕೈಯನ್ನು ಎಡದಿಂದ ಬಲಕ್ಕೆ ಹೊರಳಿಸಿದರೆ, ಮೊದಲು ಹೊರಟ ನೀರು ಎಡಗಡೆಯ ಗಿಡದ ಬುಡಕ್ಕೆ, ಅನಂತರ ಹೊರಟದ್ದು ಅದರಾಚೆಯ ಗಿಡಕ್ಕೆ ಬೀಳುತ್ತದೆ. ಆಮೇಲೆ ಒದ್ದೆ ನೆಲ ನೋಡಿದರೆ ಯಾವ ನೀರು ಯಾವಾಗ ಹೊರಟಿತೆಂದು ತಿಳಿಯುತ್ತದೆ. ಸ್ಟ್ರೀಕ್ ಕ್ಯಾಮೆರಾ ಮಾಡುವುದು ಇದನ್ನೇ. ಸಣ್ಣ ಸೀಳಿನಿಂದ ಒಳಬಂದ ಬೆಳಕು ಒಂದು ತೆಳು ಲೇಪನದ ಮೇಲೆ ಬಿದ್ದು ಎಲೆಕ್ಟ್ರಾನುಗಳನ್ನು ಹೊರಡಿಸುತ್ತದೆ. ಸರ್ರನೆ ಏರುವ ವಿದ್ಯುತ್ ಒತ್ತಡ ಅವನ್ನು ಪಕ್ಕಕ್ಕೆ ಸೆಳೆದು ಪರದೆಯ ಮೇಲೆ ಸಾಲಾಗಿ ಬೀಳಿಸುತ್ತದೆ. ಕಾಲ ಹೀಗೆ ಜಾಗವಾಗಿ ಬದಲಾಗುತ್ತದೆ.

ತೊಂದರೆಯೆಂದರೆ, ಸೀಳಿನಲ್ಲಿ ಕಾಣುವುದು ದೃಶ್ಯದ ಒಂದು ಗೆರೆ ಮಾತ್ರ. 2011ರಲ್ಲಿ ಅಮೆರಿಕದ ಎಂಐಟಿಯಲ್ಲಿ ಆಂಡ್ರಿಯಾಸ್ ವೆಲ್ಟನ್ ಮತ್ತು ನಾಸಿಕದಲ್ಲಿ ಹುಟ್ಟಿದ ರಮೇಶ್ ರಸ್ಕರ್ ಅವರ ತಂಡ ಬಾಟಲಿಯೊಳಗೆ ಲೇಸರ್ ಮಿಡಿತ ಸಾಗುವುದನ್ನು ತೋರಿಸಿದಾಗ, ಅದೇ ಮಿಡಿತವನ್ನು ಮತ್ತೆ ಮತ್ತೆ ಹಾಯಿಸಿ ಗೆರೆ ಗೆರೆಯಾಗಿ ಹೊಲಿದಿತ್ತು. ನ್ಯಾನೊಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ನೂರು ಕೋಟಿಯ ಒಂದು ಪಾಲಿನಲ್ಲಿ, ಮುಗಿಯುವ ಘಟನೆಗೆ ಒಂದು ಗಂಟೆಯ ಚಿತ್ರೀಕರಣ! ಮಗ ನೋಡಿದ ವಿಡಿಯೊ ಅದೇ ಆಗಿದ್ದರೆ, ಅದರಲ್ಲಿ ಓಡುವುದು ಒಂದೇ ಮಿಡಿತವಲ್ಲ, ಒಂದೇ ತೆರನಾದ ಅಸಂಖ್ಯ ಮಿಡಿತಗಳು.

ಒಂದೇ ಸಲ ನಡೆದುಹೋಗುವುದನ್ನು ಹಿಡಿಯುವ ದಾರಿಯನ್ನು 2014ರಲ್ಲಿ ಅಮೆರಿಕದ ವಿಜ್ಞಾನಿ ಲಿಹಾಂಗ್ ವಾಂಗ್ ಅವರ ತಂಡ ತೋರಿಸಿತು. ಸೀಳನ್ನು ಅಗಲವಾಗಿ ತೆರೆದರೆ ಗೆರೆಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಆದ್ದರಿಂದ ಅವರು ದೃಶ್ಯದ ಮೇಲೆ ಮೊದಲೇ ಚುಕ್ಕಿಗಳ ಗುರುತು ಒತ್ತಿದರು. ನಾಲ್ಕು ಮನೆಯ ಅಡಿಕೆ ಗೋಣಿಗಳು ಒಂದೇ ಲಾರಿಯಲ್ಲಿ ಹೋದರೂ ಗುರುತು ಹಾಕಿದ್ದರೆ ಬಿಡಿಸಿಕೊಳ್ಳಬಹುದಲ್ಲ, ಹಾಗೆ. ಬಿಡಿಸುವ ಕೆಲಸ ಗಣಕದ್ದು. ಆಗ ವೇಗ ಸೆಕೆಂಡಿಗೆ ಹತ್ತು ಸಾವಿರ ಕೋಟಿ ಚಿತ್ರ. 2024ರಲ್ಲಿ ಕೆನಡಾದ ತಂಡವೊಂದು ಬೇರೊಂದು ವಿಧಾನದಿಂದ 156 ಲಕ್ಷ ಕೋಟಿ ದಾಟಿತು. ದಾಖಲೆಯ ಪೈಪೋಟಿ ನನಗೆ ಅಷ್ಟಾಗಿ ರುಚಿಸುವುದಿಲ್ಲ, ಉಪಾಯ ರುಚಿಸುತ್ತದೆ.

ಇನ್ನು ಸಿಡಿಲು. ಅದಕ್ಕೆ ಈ ಕ್ಯಾಮೆರಾ ತೀರ ಅವಸರದ್ದು: ಕೆಲವೇ ನ್ಯಾನೊಸೆಕೆಂಡುಗಳ ಅದರ ಚಿತ್ರೀಕರಣ, ಸಿಡಿಲಿನ ಹೊಳಪು ಒಂದು ಮೊಳ ಏರುವುದರೊಳಗೆ ಮುಗಿದಿರುತ್ತದೆ. ಹೌದು, ಏರುವುದು. ಮೋಡದಿಂದ ಮಂಕಾದ ಕವಲೊಂದು ಸುಮಾರು 50 ಮೀಟರಿನ ಹೆಜ್ಜೆಗಳಲ್ಲಿ ತಡೆದು ತಡೆದು ಇಳಿಯುತ್ತದೆ. ನೆಲ ಮುಟ್ಟಿದೊಡನೆ ಕಣ್ಣು ಕೋರೈಸುವ ಹೊಳಪು ಅದೇ ದಾರಿಯಲ್ಲಿ ಮೇಲೇರುತ್ತದೆ, ಬೆಳಕಿನ ವೇಗದ ಮೂರನೆಯ ಒಂದು ಭಾಗದಷ್ಟು ವೇಗದಲ್ಲಿ. ಇದನ್ನು 1930ರ ದಶಕದಲ್ಲೇ ದಕ್ಷಿಣ ಆಫ್ರಿಕಾದಲ್ಲಿ ಬೇಸಿಲ್ ಶಾನ್‌ಲ್ಯಾಂಡ್ ಮತ್ತು ಜೊತೆಗಾರರು ತಿರುಗುವ ಮಸೂರದ ಕ್ಯಾಮೆರಾದಿಂದ ಕಂಡುಕೊಂಡರು. ಅಲ್ಲಿಯೂ ಪೈಪು ಹೊರಳಿಸುವ ಉಪಾಯವೇ.

ನಿಮ್ಮ ಅರ್ಧ ಚಿತ್ರದ ಗುಟ್ಟೂ ಅದೇ. ಮೊಬೈಲಿನ ಸಂವೇದಕ ಚಿತ್ರವನ್ನು ಸಾಮಾನ್ಯವಾಗಿ ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ಓದುತ್ತದೆ. ಅರ್ಧ ಓದಿದಾಗ ಮಿಂಚು ಹೊಳೆದರೆ, ಇನ್ನೂ ಓದಬೇಕಾದ ಕೆಳಗಿನ ಸಾಲುಗಳು ಆ ಚಿತ್ರದಲ್ಲಿ ಬೆಳಗುತ್ತವೆ. ಆಗಲೇ ಓದಿ ಮುಗಿದ ಮೇಲಿನ ಸಾಲುಗಳು ಮುಂದಿನ ಚಿತ್ರದಲ್ಲಿ ಬೆಳಗುತ್ತವೆ. ವಿಡಿಯೊ ಅಳಿಸಿಲ್ಲವಾದರೆ ಒಂದು ಚಿತ್ರ ಹಿಂದಕ್ಕೆ ಸರಿಸಿ ನೋಡಿ, ಕಳೆದುಹೋದ ಕೆಳಗಿನ ಅರ್ಧ ಬಹುಶಃ ಅಲ್ಲಿರುತ್ತದೆ. ಮುಂದಿನ ತುಲಾ ಮಾಸಕ್ಕೆ ಮೊಬೈಲನ್ನು ಕಿಟಕಿಯ ಬಳಿ ಒರಗಿಸಿಟ್ಟು ನೀವು ಒಳಗೇ ಕುಳಿತಿರಿ. ಜಗಲಿಗೂ ಅಂಗಳಕ್ಕೂ ಇಳಿಯಬೇಡಿ.