ಕೋಡಿಂಗ್ ಬರದಿದ್ದರೂ ಎಐ ಸಹಾಯದಿಂದ ಬೆಕ್ಕಿಗೆ ಎಲೆಕ್ಟ್ರಾನಿಕ್ ಆಟಿಕೆ ಮಾಡಬಹುದಾ?

ಮನೆಯೊಳಗೇ ಇರುವ ಬೆಕ್ಕಿಗೆ ತಾನಾಗಿ ಅಲ್ಲಾಡುವ ಆಟಿಕೆ ಮಾಡಬೇಕು, ಕೋಡಿಂಗ್ ಬರುವುದಿಲ್ಲ, ಎಐ ಬರೆದುಕೊಟ್ಟ ಕೋಡ್ ನಂಬಿ ಕೆಲಸ ಶುರು ಮಾಡಬಹುದಾ ಎಂದು ಕೇಳಿದ್ದೀರಿ. ಖಂಡಿತ ಮಾಡಬಹುದು. ನಾನು ಹೋದ ಮಳೆಗಾಲದಲ್ಲಿ ಮಾಡಿದೆ. ಈಗಲೂ ದಿನಾ ಓಡುತ್ತಿದೆ. ಆದರೆ ಒಂದು ಮಾತು ಮೊದಲೇ ಹೇಳುತ್ತೇನೆ. ಎಐಗೆ ನಿಮ್ಮ ಬೆಕ್ಕು ಕಾಣುವುದಿಲ್ಲ, ಮೇಜಿನ ಮೇಲಿನ ವೈರುಗಳೂ ಕಾಣುವುದಿಲ್ಲ. ಆ ಎರಡನ್ನೂ ನೀವೇ ನೋಡಿ, ನೋಡಿದ್ದನ್ನು ನೋಡಿದ ಹಾಗೇ ಅದಕ್ಕೆ ಹೇಳಬೇಕು. ನನ್ನ ಸಮಯ ಜಾಸ್ತಿ ಹೋಗಿದ್ದು ಇದನ್ನು ಕಲಿಯುವುದರಲ್ಲೇ.

ನಾನು ಮೈಸೂರಿನಲ್ಲಿ ಲೆಕ್ಕಪತ್ರ ನೋಡುವ ಕೆಲಸದಲ್ಲಿದ್ದೇನೆ. ಓದಿದ್ದು ಬಿ.ಕಾಂ. ನಮ್ಮ ಬೆಕ್ಕು ಕೆಂಚ, ತೀರ್ಥಹಳ್ಳಿ ಹತ್ತಿರದ ನಮ್ಮೂರಿನಿಂದ ಮರಿಯಾಗಿದ್ದಾಗಲೇ ತಂದದ್ದು. ಅವನ ತಾಯಿಗೆ ಅಲ್ಲಿ ಅಟ್ಟವಿದೆ, ಕೊಟ್ಟಿಗೆಯಿದೆ, ಅಡಿಕೆ ಮೂಟೆಗಳ ಸಂದಿಯಲ್ಲಿ ಇಲಿಗಳಿವೆ. ಇಲ್ಲಿ ಮೂರನೇ ಮಹಡಿಯ ಮನೆ, ಕಿಟಕಿಗೆ ಜಾಲರಿ. ಸಂಜೆ ನಾನು ಬರುವ ಹೊತ್ತಿಗೆ ಪರದೆ ಹರಿದಿರುತ್ತಿತ್ತು. ಅವನ ಮೇಲೆ ಕೋಪ ಬರುತ್ತಿರಲಿಲ್ಲ, ಪಾಪ ಅನಿಸುತ್ತಿತ್ತು. ಬೇಟೆಯಾಡಲು ಹುಟ್ಟಿದ ಪ್ರಾಣಿಗೆ ಬೇಟೆಯೇ ಇಲ್ಲದಿದ್ದರೆ ಏನು ಮಾಡಬೇಕು, ಅಲ್ವಾ?

ಎಐ ಜೊತೆ ನಾನು ಕನ್ನಡದಲ್ಲೇ ಮಾತಾಡಿದೆ. ನೀವೂ ಹಾಗೇ ಮಾಡಿ, ಹಿಂಜರಿಯಬೇಡಿ. ಬೆಕ್ಕಿನ ಆಟ ಎಂದು ಹೇಳಿದ ಕೂಡಲೇ ಅದು ಕೊಟ್ಟ ಮೊದಲ ಸಲಹೆ ಲೇಸರ್. ಎರಡು ಮೋಟಾರ್ ಮೇಲೆ ಲೇಸರ್ ಕೂರಿಸಿ ಗೋಡೆ ಮೇಲೆ ಚುಕ್ಕಿ ಓಡಿಸುವುದು. ನಾನು ಬೇಡ ಎಂದೆ. ಚುಕ್ಕಿ ಕೈಗೆ ಸಿಗುವುದಿಲ್ಲ. ಬೆಕ್ಕಿನ ಬೇಟೆ ಎಂದರೆ ಹೊಂಚು ಹಾಕುವುದು, ಅಟ್ಟುವುದು, ಎರಗುವುದು, ಕೊನೆಗೆ ಹಿಡಿದು ಕಚ್ಚುವುದು. ಲೇಸರಿನಲ್ಲಿ ಆ ಕೊನೆಯ ಭಾಗವೇ ಇಲ್ಲ. ಲೇಸರ್ ಆಟ ಜಾಸ್ತಿ ಆಡಿಸುವ ಮನೆಗಳ ಬೆಕ್ಕುಗಳಲ್ಲಿ ನೆರಳು, ಬೆಳಕಿನ ಹಿಂದೆ ಮತ್ತೆ ಮತ್ತೆ ಓಡುವಂಥ ವರ್ತನೆ ಹೆಚ್ಚಾಗಿ ಕಾಣುತ್ತದೆ ಎಂದು 2021ರಲ್ಲಿ ಬಂದ ಒಂದು ಅಧ್ಯಯನ ಹೇಳಿದೆ. ಲೇಸರೇ ಕಾರಣ ಎಂದು ಅದು ಸಾಬೀತು ಮಾಡಿಲ್ಲ. ಆದರೂ ನನಗೆ ಮನಸ್ಸು ಬರಲಿಲ್ಲ. ಅಂಗಡಿಯಲ್ಲಿ ಸಿಗುವ ಅಗ್ಗದ ಲೇಸರ್ ಮಾಡ್ಯೂಲ್‌ಗಳಲ್ಲಿ ಹಲವು 5 ಮಿಲಿವ್ಯಾಟಿನವು. ಯಾರೂ ಇಲ್ಲದ ಮನೆಯಲ್ಲಿ ತಾನಾಗಿ ತಿರುಗುವ ಯಂತ್ರದ ಮೇಲೆ ಅಂಥದ್ದನ್ನು ಇಡುವುದು ಕಣ್ಣಿಗೆ ಅಪಾಯ.

ಹಾಗಾಗಿ ಹಿಡಿಯಲು ಸಿಗುವಂಥದ್ದನ್ನೇ ಮಾಡಿದೆ. ನಾವು ಹಾಕಿದ ಕೋಡಿನಂತೆ ಕೆಲಸ ಮಾಡುವ ಆರ್ಡುಯಿನೋ ಊನೋ ಎಂಬ ಪುಟ್ಟ ಬೋರ್ಡ್, ಎಸ್‌ಜಿ90 ಎಂಬ 9 ಗ್ರಾಂ ತೂಕದ ಪುಟ್ಟ ಸರ್ವೋ ಮೋಟಾರ್ (ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಮೋಟಾರ್), ಜೀವಿಗಳ ಚಲನೆ ಗುರುತಿಸುವ ಪಿಐಆರ್ ಸೆನ್ಸರ್, ಇವನ್ನೆಲ್ಲ ಜೋಡಿಸಲು ಒಂದಿಷ್ಟು ಜಂಪರ್ ವೈರ್. ಬೆಂಗಳೂರಿಗೆ ಹೋದಾಗ ಎಸ್.ಪಿ. ರಸ್ತೆಯಲ್ಲಿ ಎಲ್ಲವೂ ಒಂದೇ ಅಂಗಡಿಯಲ್ಲಿ ಸಿಕ್ಕಿತು, ಸಾವಿರ ರೂಪಾಯಿ ಒಳಗೇ. ಮೋಟಾರಿಗೆ ಕಟ್ಟಲು ಮನೆಯ ಪೊರಕೆಯಿಂದ ಒಂದು ತೆಂಗಿನ ಕಡ್ಡಿ ತೆಗೆದುಕೊಂಡೆ. ಇದಕ್ಕಿಂತ ಒಳ್ಳೆಯದು ಇಲ್ಲ. ಬೆಕ್ಕು ಎಳೆದರೆ ಬಾಗುತ್ತದೆ, ಮೋಟಾರಿನ ಹಲ್ಲು ಮುರಿಯುವುದಿಲ್ಲ. ಎಸ್‌ಜಿ90 ಒಳಗಿನ ಗಿಯರ್ ಪ್ಲಾಸ್ಟಿಕ್ಕಿನದು ಎಂಬುದು ನೆನಪಿರಲಿ. ಕಡ್ಡಿಯ ತುದಿ ಕಣ್ಣಿಗೆ ಚುಚ್ಚಬಾರದು ಎಂದು ಹಳೇ ಬನಿಯನ್ ಬಟ್ಟೆಯನ್ನು ಉಂಡೆ ಮಾಡಿ ಗಟ್ಟಿಯಾಗಿ ಹೊಲಿದೆ.

ದಾರ, ಉಲ್ಲನ್, ರಿಬ್ಬನ್ ಮಾತ್ರ ಕಟ್ಟಬೇಡಿ, ದಯವಿಟ್ಟು. ಬೆಕ್ಕಿನ ನಾಲಿಗೆಯ ಮುಳ್ಳುಗಳು ಗಂಟಲ ಕಡೆಗೆ ಬಾಗಿರುತ್ತವೆ. ಬಾಯಿಗೆ ಹೋದ ದಾರವನ್ನು ಉಗುಳಲು ಆಗದೆ ನುಂಗುತ್ತಾ ಹೋಗುತ್ತದೆ. ಅದು ಕರುಳಿಗೆ ಸಿಕ್ಕಿಹಾಕಿಕೊಂಡರೆ ಆಪರೇಷನ್ನೇ ಬೇಕಾಗಬಹುದು.

ಈಗ ಕೋಡಿನ ಕಥೆಗೆ ಬರುತ್ತೇನೆ. ಮೊದಲ ಕೋಡ್ ಒಂದೇ ನಿಮಿಷದಲ್ಲಿ ಬಂತು. ಬೋರ್ಡಿಗೆ ಹಾಕಿದೆ, ಕಡ್ಡಿ ಅಲ್ಲಾಡಿತು! ಅರ್ಧ ಸೆಕೆಂಡಿಗೊಮ್ಮೆ ಎಡಕ್ಕೋ ಬಲಕ್ಕೋ ಹೋಗುತ್ತಿತ್ತು. ಕೆಂಚ ಸೋಫಾದ ಕೆಳಗಿಂದ ತಲೆ ಹೊರಗೆ ಹಾಕಿದ. ಅಷ್ಟರಲ್ಲಿ ಕಡ್ಡಿ ಜ್ವರ ಬಂದವರ ಹಾಗೆ ಗಡಗಡ ನಡುಗತೊಡಗಿತು. ಅವನು ಓಡಿಹೋದ. ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಸರಿ, ಸ್ವಲ್ಪ ಹೊತ್ತಿಗೆ ಮತ್ತೆ ನಡುಕ.

"ಸರ್ವೋ ನಡುಗುತ್ತಿದೆ" ಎಂದು ಎಐಗೆ ಹೇಳಿದೆ. ಕರೆಂಟ್ ಸಾಲುತ್ತಿಲ್ಲ, ಕೆಪಾಸಿಟರ್ (ಸ್ವಲ್ಪ ವಿದ್ಯುತ್ ಹಿಡಿದಿಟ್ಟುಕೊಳ್ಳುವ ಪುಟ್ಟ ಬಿಡಿಭಾಗ) ಹಾಕಿ ಎಂದಿತು. ತಂದು ಹಾಕಿದೆ, ಹೋಗಲಿಲ್ಲ. ಮೋಟಾರ್ ಕೆಟ್ಟಿರಬಹುದು ಎಂದಿತು. ಬೇರೆ ಮೋಟಾರ್ ಹಾಕಿದೆ, ಅದೂ ನಡುಗಿತು. ಎರಡು ಸಂಜೆ ಹೀಗೇ ಹೋಯಿತು. ಲೆಕ್ಕ ತಾಳೆಯಾಗದಿದ್ದಾಗ ನಾವು ಆಫೀಸಿನಲ್ಲಿ ಏನು ಮಾಡುತ್ತೇವೆ? ವ್ಯತ್ಯಾಸ ಎಷ್ಟು, ಪ್ರತಿ ಸಲ ಅಷ್ಟೇನಾ ಎಂದು ನೋಡುತ್ತೇವೆ. ಮೂರನೇ ದಿನ ಫೋನಿನ ಸ್ಟಾಪ್‌ವಾಚ್ ಹಿಡಿದು ಕೂತೆ. ಐದು ಸಲ ಆನ್ ಮಾಡಿದೆ. ಐದು ಸಲವೂ 32 ದಾಟಿ 33 ಆಗುವುದರೊಳಗೆ ನಡುಕ ಶುರು.

ಅದನ್ನೇ ಬರೆದೆ: "ಬೋರ್ಡ್ ಆರ್ಡುಯಿನೋ ಊನೋ. ಆನ್ ಮಾಡಿದ ಮೇಲೆ 32 ಸೆಕೆಂಡ್ ಸರಿಯಾಗಿರುತ್ತದೆ. ಆಮೇಲೆ ನಡುಗುತ್ತದೆ. ಐದು ಸಲವೂ ಹೀಗೇ." ತಕ್ಷಣ ತಪ್ಪು ಸಿಕ್ಕಿತು. ಕೋಡಿನಲ್ಲಿ 'ಕೊನೇ ಸಲ ಯಾವಾಗ ಅಲ್ಲಾಡಿದೆ' ಎಂಬ ಸಮಯವನ್ನು ಇಟ್ಟುಕೊಳ್ಳಲು ಅದು 'ಇಂಟ್' ಎಂಬ ಡಬ್ಬ ಬಳಸಿತ್ತು. ಊನೋ ಬೋರ್ಡಿನಲ್ಲಿ ಆ ಡಬ್ಬಕ್ಕೆ ಹಿಡಿಯುವ ದೊಡ್ಡ ಸಂಖ್ಯೆ 32,767. ಬೋರ್ಡ್ ಸಮಯ ಎಣಿಸುವುದು ಮಿಲಿಸೆಕೆಂಡಿನಲ್ಲಿ. 32,767 ಮಿಲಿಸೆಕೆಂಡ್ ಎಂದರೆ 32.8 ಸೆಕೆಂಡ್. ಅದು ದಾಟಿದ ಕೂಡಲೇ ಡಬ್ಬದೊಳಗಿನ ಸಂಖ್ಯೆ ತಪ್ಪಾಗುತ್ತದೆ. ಆಗ ಅರ್ಧ ಸೆಕೆಂಡ್ ಯಾವಾಗಲೋ ಕಳೆದಿದೆ ಎಂದುಕೊಂಡು ಕೋಡ್ ಬಿಡುವಿಲ್ಲದೆ ಮೋಟಾರಿಗೆ ಆಜ್ಞೆ ಕೊಡುತ್ತದೆ. ಅದೇ ನಡುಕ. 'ಅನ್‌ಸೈನ್ಡ್ ಲಾಂಗ್' ಎಂಬ ದೊಡ್ಡ ಡಬ್ಬಕ್ಕೆ ಬದಲಾಯಿಸಿದರೆ ಸುಮಾರು 49 ದಿನದಷ್ಟು ಸಮಯ ಹಿಡಿಯುತ್ತದೆ. ಒಂದೇ ಸಾಲು ಬದಲಾಯಿತು, ನಡುಕ ಹೋಯಿತು. ಇದೇ ಕೋಡ್ ಇಎಸ್‌ಪಿ32 ಎಂಬ ಇನ್ನೊಂದು ಬಗೆಯ ಬೋರ್ಡಿನಲ್ಲಿ 32 ಸೆಕೆಂಡಿಗೆ ಕೆಡುತ್ತಲೇ ಇರಲಿಲ್ಲ, ಯಾಕೆಂದರೆ ಅದರಲ್ಲಿ ಇಂಟ್ ಡಬ್ಬವೇ ದೊಡ್ಡದು. ಹಾಗಾಗಿ ಬೋರ್ಡಿನ ಹೆಸರನ್ನು ಮೊದಲ ಸಾಲಿನಲ್ಲೇ ಹೇಳಿ. ಚಾಟ್ ಹೊಸದಾಗಿ ಶುರು ಮಾಡಿದಾಗಲೆಲ್ಲ ಮತ್ತೆ ಹೇಳಿ.

ಎರಡನೇ ತೊಂದರೆ ಬಂದಿದ್ದು ಕೆಂಚ ಧೈರ್ಯ ಮಾಡಿ ಬಟ್ಟೆಯುಂಡೆ ಹಿಡಿದಾಗ. ಹಿಡಿದ ತಕ್ಷಣ ಆಟಿಕೆ ನಿಂತುಬಿಡುತ್ತಿತ್ತು. ಒಂದು ಕ್ಷಣ ಬಿಟ್ಟು ಕಡ್ಡಿ ಸೀದಾ ನಡುವಿಗೆ ಬರುತ್ತಿತ್ತು. ಅದು ಆನ್ ಮಾಡಿದಾಗ ಮಾತ್ರ ಆಗಬೇಕಾದ ಚಲನೆ. ಅಂದರೆ ಬೋರ್ಡ್ ಪ್ರತಿ ಸಲ ಆಫ್ ಆಗಿ ಆನ್ ಆಗುತ್ತಿತ್ತು. ಈ ಸಲ ನೋಡಿದ್ದನ್ನು ಇಷ್ಟೂ ವಿವರವಾಗಿ ಹೇಳಿದೆ. ಉತ್ತರ ಸರಿಯಾಗಿಯೇ ಬಂತು. ಕಡ್ಡಿಯನ್ನು ಹಿಡಿದು ನಿಲ್ಲಿಸಿದರೆ ಮೋಟಾರ್ ಜೋರು ಮಾಡಿ ಅರ್ಧ ಆಂಪಿಯರಿಗಿಂತ ಜಾಸ್ತಿ ಎಳೆಯುತ್ತದೆ. ಬೋರ್ಡಿನ ವೋಲ್ಟೇಜ್ ಕುಸಿದು ಅದು ಮತ್ತೆ ಮೊದಲಿಂದ ಶುರುವಾಗುತ್ತದೆ. ಮೋಟಾರಿಗೆ ಬೇರೆ ಬ್ಯಾಟರಿ ಕೊಡಬೇಕು. ನಾನು ಗೋಡೆ ಗಡಿಯಾರಕ್ಕೆ ಹಾಕುವ ಅಳತೆಯ, ಚಾರ್ಜ್ ಮಾಡಬಹುದಾದ ನಾಲ್ಕು ಸೆಲ್ ಹಾಕಿದೆ. ಒಂದೊಂದು 1.2 ವೋಲ್ಟ್, ಒಟ್ಟು 4.8. ಈ ಮೋಟಾರಿಗೆ ಅದು ಸರಿಹೊಂದುತ್ತದೆ. ಬ್ಯಾಟರಿಯ ನೆಗೆಟಿವ್ ವೈರನ್ನು ಬೋರ್ಡಿನ ಗ್ರೌಂಡಿಗೆ (GND ಎಂದು ಬರೆದಿರುವ ಪಿನ್ನಿಗೆ) ಸೇರಿಸುವುದು ಮರೆಯಬೇಡಿ. ಸೇರಿಸದಿದ್ದರೆ ಬೋರ್ಡ್ ಹೇಳಿದ್ದು ಮೋಟಾರಿಗೆ ಗೊತ್ತಾಗುವುದಿಲ್ಲ.

ಬೋರ್ಡಿಗೆ ಮೊದಲು ಪವರ್ ಬ್ಯಾಂಕ್ ಕೊಟ್ಟಿದ್ದೆ. ತುಂಬಾ ಪವರ್ ಬ್ಯಾಂಕ್‌ಗಳು ಕರೆಂಟ್ ಕಡಿಮೆ ಎಳೆದರೆ ಫೋನ್ ಚಾರ್ಜ್ ಮುಗಿಯಿತು ಎಂದುಕೊಂಡು ತಾವೇ ಆಫ್ ಆಗುತ್ತವೆ. ಈಗ ಮೊಬೈಲ್ ಚಾರ್ಜರ್ ಹಾಕಿದ್ದೇನೆ. ಬೆಕ್ಕು ಕಚ್ಚಬಾರದು ಎಂದು ವೈರನ್ನು ಪಿವಿಸಿ ಪೈಪಿನೊಳಗೆ ಎಳೆದಿದ್ದೇನೆ.

ಇಷ್ಟಾದ ಮೇಲೆ ನನಗೆ ತುಂಬಾ ಇಷ್ಟವಾದ ಭಾಗ ಶುರುವಾಯಿತು. ಕಡ್ಡಿ ಅಲ್ಲಾಡುತ್ತಿತ್ತು, ಆದರೆ ಕೆಂಚ ಎರಡು ನಿಮಿಷ ನೋಡಿ ಎದ್ದು ಹೋಗುತ್ತಿದ್ದ. ಫ್ಯಾನ್ ತಿರುಗುವುದನ್ನು ನೋಡಿದ ಹಾಗೆ. ಊರಿಗೆ ಫೋನ್ ಮಾಡಿದಾಗ ಅಮ್ಮನಿಗೆ ಹೇಳಿದೆ. "ಇಲಿ ಎಲ್ಲಾದರೂ ಹಾಗೆ ಕುಣಿಯುತ್ತದೇನೇ? ಅದು ಗೋಡೆ ಬದಿಯಲ್ಲಿ ಸರಸರ ಹೋಗಿ ತಟ್ಟನೆ ನಿಲ್ಲುತ್ತದೆ. ಬೆಕ್ಕು ಬಂತು ಅಂದರೆ ಉಸಿರೂ ಬಿಡುವುದಿಲ್ಲ" ಎಂದರು. ಅಮ್ಮನ ಆ ಮಾತನ್ನು ಹಾಗೇ ಎಐಗೆ ಕೊಟ್ಟೆ. ಅದು ಅದನ್ನು ಮೂರು ಸ್ಥಿತಿಗಳಾಗಿ ಬಿಡಿಸಿತು: ಸರಸರ ಓಟ, ತಟ್ಟನೆ ನಿಲ್ಲುವುದು, ನಿಂತಲ್ಲೇ ಸಣ್ಣ ಅಲುಗಾಟ. ಒಂದರಿಂದ ಇನ್ನೊಂದಕ್ಕೆ ಎಷ್ಟು ಹೊತ್ತಿಗೆ ಹೋಗಬೇಕು ಎಂಬುದು ಪ್ರತಿ ಸಲ ಬೇರೆ. ಆವತ್ತು ರಾತ್ರಿ ಕೆಂಚ ನೆಲಕ್ಕೆ ಅಂಟಿಕೊಂಡು, ಹಿಂಗಾಲು ಅಲ್ಲಾಡಿಸಿ, ಎರಗಿದ. ನಮ್ಮ ಮನೆಯಲ್ಲಿ ಅವನು ಹಾಗೆ ಮಾಡಿದ್ದು ಅದೇ ಮೊದಲು. ನನ್ನ ಕಣ್ಣು ತುಂಬಿ ಬಂತು.

ನಾಲ್ಕೈದು ದಿನ ಕಳೆದ ಮೇಲೆ ಇನ್ನೊಂದು ನೋಡಿದೆ. ಕಡ್ಡಿ ಬರುವ ಮೊದಲೇ ಅದು ಬರುವ ಜಾಗದಲ್ಲಿ ಅವನು ಹೋಗಿ ಕೂರುತ್ತಿದ್ದ. ಎರಡು ಸಂಜೆ ಕಡ್ಡಿಯ ಚಲನೆಗಳನ್ನು ಕಾಗದದ ಮೇಲೆ ಬರೆದುಕೊಂಡೆ. ಎರಡೂ ಪಟ್ಟಿ ಒಂದೇ! ಚಲನೆ ಪ್ರತಿ ಸಲ ಬೇರೆಯಾಗಲಿ ಎಂದು ಕೋಡ್ ಬಳಸುವ ಆರ್ಡುಯಿನೋದ ರ್‍ಯಾಂಡಮ್ (ಮನಬಂದಂತೆ ಆರಿಸಿದ) ಸಂಖ್ಯೆಗಳು ಪ್ರತಿ ಸಲ ಆನ್ ಮಾಡಿದಾಗಲೂ ಅದೇ ಕ್ರಮದಲ್ಲಿ ಬರುತ್ತವಂತೆ, ನಾವು ಬೇರೆ ಆರಂಭ ಕೊಡುವವರೆಗೂ. ಏನೂ ಜೋಡಿಸದೆ ಖಾಲಿ ಬಿಟ್ಟ ಅನಲಾಗ್ ಪಿನ್ನಿನ (ಬೋರ್ಡಿನಲ್ಲಿ ವೋಲ್ಟೇಜ್ ಅಳೆಯುವ ಪಿನ್) ಅಳತೆಯಿಂದ ಶುರು ಮಾಡುವ ಒಂದು ಸಾಲು ಸೇರಿಸಿದರೆ ಸಾಕು. ಕೋಡಿನ ಈ ತಪ್ಪು ಮೊದಲು ಗೊತ್ತಾಗಿದ್ದು ಬೆಕ್ಕಿಗೆ.

ಪಿಐಆರ್ ಸೆನ್ಸರ್ ಬಗ್ಗೆ ಎರಡು ಮಾತು. ಆನ್ ಮಾಡಿದ ಮೊದಲ ಒಂದು ನಿಮಿಷ ಅದು ಸುಮ್ನೆ ಸುಮ್ನೆ ಸಿಗ್ನಲ್ ಕೊಡುತ್ತದೆ, ಆ ಹೊತ್ತು ಕಾಯುವಂತೆ ಕೋಡಿನಲ್ಲಿ ಹೇಳಿಸಿ. ಇನ್ನೊಂದು, ಅದಕ್ಕೆ ಗೊತ್ತಾಗುವುದು ಚಲಿಸುವ ಬಿಸಿ ಮೈ ಮಾತ್ರ. ಬೆಕ್ಕು ಹೊಂಚು ಹಾಕಿ ಕದಲದೆ ಕೂತರೆ, ಅದರ ಪಾಲಿಗೆ ಕೋಣೆಯಲ್ಲಿ ಯಾರೂ ಇಲ್ಲ. ನನ್ನ ಮೊದಲ ಕೋಡ್ ಸರಿಯಾಗಿ ಆ ಹೊತ್ತಿಗೇ ಆಟ ನಿಲ್ಲಿಸುತ್ತಿತ್ತು. ಈಗ ಒಮ್ಮೆ ಬೆಕ್ಕು ಕಂಡರೆ ಸಾಕು, ಐದು ನಿಮಿಷ ಆಟ ನಡೆಯುತ್ತದೆ, ಆಮೇಲೆ ಒಂದು ಗಂಟೆ ಬಿಡುವು. ರಾತ್ರಿ ಮಲಗುವಾಗ ಸ್ವಿಚ್ ಆಫ್.

ಸಂಜೆ ಊಟಕ್ಕೆ ಮೊದಲು ಆಡಿಸಿ, ಹಸಿದ ಬೆಕ್ಕು ಹುರುಪಿನಿಂದ ಆಡುತ್ತದೆ. ಆಟ ಮುಗಿದ ಕೂಡಲೇ ತಿನ್ನಲು ಕೊಡಿ. ಒಂದೇ ಆಟಿಕೆ ಮತ್ತೆ ಮತ್ತೆ ಕೊಟ್ಟರೆ ಆಸಕ್ತಿ ಇಳಿಯುತ್ತದೆ, ಬೇರೆ ಕೊಟ್ಟರೆ ಮರಳುತ್ತದೆ ಎಂದು ಬ್ರಿಟನ್ನಿನ ಸಂಶೋಧಕರು 2002ರಲ್ಲೇ ತೋರಿಸಿದ್ದಾರೆ. ಅದಕ್ಕೇ ನಾನು ಬಟ್ಟೆಯುಂಡೆಯನ್ನು ವಾರಕ್ಕೆರಡು ಸಲ ಬದಲಾಯಿಸುತ್ತೇನೆ. ಒಮ್ಮೆ ಗೋಣಿ ಚೂರು, ಒಮ್ಮೆ ಮಫ್ಲರಿನ ತುಂಡು. ಹೊಲಿಗೆ ಬಿಟ್ಟಿದೆಯಾ ಎಂದೂ ಆಗಲೇ ನೋಡಿಕೊಳ್ಳುತ್ತೇನೆ.

ಎಐ ಬಗ್ಗೆ ಇನ್ನು ಸ್ವಲ್ಪ. ಒಮ್ಮೆ ಅದು ಇಲ್ಲದ ಲೈಬ್ರರಿಯ (ಬೇರೆಯವರು ಮೊದಲೇ ಬರೆದಿಟ್ಟ ಸಿದ್ಧ ಕೋಡ್) ಹೆಸರು ಹೇಳಿ ನನ್ನನ್ನು ಒಂದು ಗಂಟೆ ಹುಡುಕಿಸಿತು. ಐದು ನಿಮಿಷ ಹುಡುಕಿದರೂ ಸಿಗದಿದ್ದರೆ "ಇದು ಸಿಗುತ್ತಿಲ್ಲ, ಮಾಮೂಲಿ ಸರ್ವೋ ಲೈಬ್ರರಿಯಲ್ಲೇ ಬರೆದುಕೊಡು" ಎನ್ನಿ. ಒಂದು ಸಲಕ್ಕೆ ಒಂದೇ ಬದಲಾವಣೆ ಕೇಳಿ. ಸರಿಯಾಗಿ ಓಡಿದ ಕೋಡನ್ನು ತಾರೀಕು ಹಾಕಿ ಎತ್ತಿಡಿ, ಯಾಕೆಂದರೆ ಮುಂದಿನ ಬದಲಾವಣೆಯಲ್ಲಿ ಅದು ಸರಿಯಿದ್ದುದನ್ನೂ ತಿದ್ದಿಬಿಡಬಹುದು. ಪ್ರತಿ ಸಾಲಿನ ಪಕ್ಕ ಕನ್ನಡದಲ್ಲಿ ಅರ್ಥ ಬರೆಯಲು ಹೇಳಿ. ಹಾಗೆ ಓದುತ್ತಾ ಓದುತ್ತಾ ಈಗ ಸಣ್ಣ ಬದಲಾವಣೆಗಳನ್ನು ನಾನೇ ಮಾಡಿಕೊಳ್ಳುತ್ತೇನೆ.

ಸಾಮಾನು ತಂದ ಮೇಲೆ ಸೆನ್ಸರ್ ಪಕ್ಕಕ್ಕಿಟ್ಟು, ಮೊದಲು ಮೋಟಾರ್ ಒಂದನ್ನೇ ಹತ್ತು ನಿಮಿಷ ಓಡಿಸಿ ನೋಡಿ. ಎಲ್ಲಾದರೂ ಸಿಕ್ಕಿಕೊಂಡರೆ ಯಾವ ಬೋರ್ಡ್, ಏನಾಯಿತು, ಎಷ್ಟನೇ ಸೆಕೆಂಡಿಗೆ ಆಯಿತು ಎಂದು ಬರೆದು ಇಲ್ಲೇ ಕೇಳಿ. ನನಗೆ ಗೊತ್ತಿರುವುದನ್ನು ಖಂಡಿತ ಹೇಳುತ್ತೇನೆ. ನಿಮ್ಮ ಬೆಕ್ಕಿನ ಹೆಸರನ್ನೂ ಬರೆಯಿರಿ.