ಮಳೆಗೆ ಸಿಕ್ಕಿಬಿದ್ದ ಮರದ ಬೇಲಿ

ತೀರ್ಥಹಳ್ಳಿ ಹತ್ತಿರದ ಮನೆಗೆ ಮರದ ಬೇಲಿ ಹಾಕಿಸುತ್ತಿದ್ದೇನೆ, ಅರ್ಧ ಕಂಬ ನೆಡುವಷ್ಟರಲ್ಲಿ ಮಳೆ ಹಿಡಿಯಿತು, ಹಲಗೆಗಳಿಗೆ ಪ್ಲಾಸ್ಟಿಕ್ ಸುತ್ತಿಟ್ಟಿದ್ದೇನೆ, ಸಾಕಾ ಅಂತ ಕೇಳಿದ್ದೀರಿ. ಸಾಲದು ಮಾರಾಯ್ರೆ. ಮೊದಲು ಆ ಪ್ಲಾಸ್ಟಿಕ್ ತೆಗೆಯಿರಿ.

ಫೋಟೋದಲ್ಲಿ ಹಲಗೆಗಳು ಮಣ್ಣಿನ ಮೇಲೇ ಇವೆ. ನೆಲದ ತೇವ ಮೇಲೆದ್ದು ಶೀಟಿನೊಳಗೇ ಬೆವರುತ್ತದೆ, ಬೂಷ್ಟು ಬರುತ್ತದೆ. ಕಲ್ಲಿಟ್ಟು ಒಂದಡಿ ಎತ್ತರಿಸಿ. ಸಾಲು ಸಾಲಿನ ನಡುವೆ ರೀಪಿನ ತುಂಡು ಕೊಡಿ. ತಗಡೋ ಟಾರ್ಪಾಲೋ ನೆತ್ತಿಗೆ ಮಾತ್ರ, ಪಕ್ಕದಲ್ಲಿ ಗಾಳಿ ಆಡಲಿ. ಮರ ಒಮ್ಮೆ ನೆನೆದರೆ ಏನೂ ಆಗದು, ಒಣಗಲು ಬಿಡದಿದ್ದರೇ ತೊಂದರೆ. ಮರದೊಳಗಿನ ತೇವ ಶೇಕಡಾ 20ರ ಒಳಗಿದ್ದರೆ ಕೊಳೆಸುವ ಬೂಷ್ಟು ಬೆಳೆಯುವುದಿಲ್ಲ.

ಇನ್ನು ಕಂಬ. ಹಳೇ ಬೇಲಿಯ ಕಂಬ ಕಿತ್ತು ನೋಡಿದ್ದೀರಾ? ಆಳದ ತುದಿ ಎಷ್ಟೋ ಸಲ ಗಟ್ಟಿಯಾಗೇ ಇರುತ್ತದೆ, ಮುರಿಯುವುದು ನೆಲದ ಮಟ್ಟದಲ್ಲಿ. ಅಲ್ಲಿ ನೀರೂ ಉಂಟು, ಗಾಳಿಯೂ ಉಂಟು, ಬೂಷ್ಟಿಗೆ ಎರಡೂ ಬೇಕು. ನೆಡದೆ ಉಳಿದ ಕಂಬಗಳಿಗೆ ಗುಂಡಿಯ ತಳದಲ್ಲಿ ಅರ್ಧ ಅಡಿ ಜಲ್ಲಿ ಹಾಕಿ, ಕಂಬ ಅದರ ಮೇಲೆ ಕೂರಲಿ. ಕಾಂಕ್ರೀಟು ಸುತ್ತಲೂ ಬರಲಿ, ಅಡಿಯನ್ನು ಮುಚ್ಚಬಾರದು. ಮುಚ್ಚಿದರೆ ಬಟ್ಟಲಲ್ಲಿ ನೀರು ನಿಂತ ಹಾಗೆ. ನೆಟ್ಟಾದ ಕಂಬಗಳಿಗೆ ಈಗ ಮಾಡಬಹುದಾದ್ದು ಒಂದೇ: ಬುಡದ ಕಾಂಕ್ರೀಟನ್ನು ನೆಲಕ್ಕಿಂತ ಎರಡಿಂಚು ಎತ್ತರಿಸಿ, ಹೊರಕ್ಕೆ ಇಳಿಜಾರು ಕೊಡಿ. ಕಂಬದ ನೆತ್ತಿಯನ್ನೂ ಓರೆಯಾಗಿ ಕೊಯ್ಯಿಸಿ.

ಚೇಗು, ಅಂದರೆ ಮರದ ಒಳಗಿನ ಗಟ್ಟಿ ತಿರುಳು, ಇರುವ ಮರವೇ? ಹೊರಗಿನ ಬಿಳಿ ಭಾಗ ಜಾಸ್ತಿಯಿದ್ದರೆ ಸಾಗುವಾನಿಯೂ ಬೇಗ ಹೋಗುತ್ತದೆ.

ಹಚ್ಚಲು ಕರಾವಳಿಯವರ ಗೇರುಬೀಜದ ಸಿಪ್ಪೆ ಎಣ್ಣೆ ನನಗಿಷ್ಟ. ದೋಣಿಗೂ ಹಚ್ಚುತ್ತಾರೆ, ಗೆದ್ದಲೂ ದೂರ. ಆದರೆ ಕೈಗವಸು ಹಾಕಿಕೊಳ್ಳಿ, ಚರ್ಮ ಸುಡುತ್ತದೆ. ಗಾಡಿಯ ಸುಟ್ಟ ಆಯಿಲ್ ಬೇಡ, ನಿಮ್ಮ ಬಾವಿ ಪಕ್ಕದಲ್ಲೇ ಇದೆ ಅಲ್ವಾ? ಯಾವುದೇ ಹಚ್ಚಿದರೂ ಕೊಯ್ದ ತುದಿಗೆ ಎರಡು ಮೂರು ಸಲ ಹಚ್ಚಿ. ಮರ ನೀರು ಕುಡಿಯುವುದು ಅಲ್ಲಿಂದಲೇ ಹೆಚ್ಚು. ಹಲಗೆಯ ಕೆಳತುದಿ ನೆಲಕ್ಕೆ ತಾಗದೆ ಮೂರಿಂಚು ಮೇಲಿರಲಿ.

ಹಸಿ ಮರಕ್ಕೆ ಮಾತ್ರ ಪೇಂಟ್ ಬೇಡವೇ ಬೇಡ. ನಾನು ಅವಸರಕ್ಕೆ ಹಸಿ ಅಕೇಶಿಯಾಕ್ಕೆ ಬಳಿದಿದ್ದೆ. ಬೇಸಿಗೆಯಲ್ಲಿ ಹಪ್ಪಳದ ಹಾಗೆ ಗುಳ್ಳೆ ಎದ್ದು ಪೂರಾ ಉದುರಿತು. ಹಲಗೆ ಮೇಲೆ ನಾಲ್ಕು ಹನಿ ನೀರು ಹಾಕಿ ನೋಡಿ. ಹೀರಿಕೊಳ್ಳದೆ ಹಾಗೇ ನಿಂತರೆ ಇನ್ನೂ ಕಾಯಿರಿ.

ದೀಪಾವಳಿ ಕಳೆದ ಮೇಲೆ ಹಲಗೆ ಹೊಡೆಸಿ. ಅಲ್ಲಿವರೆಗೆ ಆಚಾರಿಗಳು ಸುಮ್ನೆ ಕೂರುವುದು ಬೇಡ, ಕೊಟ್ಟಿಗೆಯೊಳಗೆ ಗೇಟು ಮಾಡಲಿ.